ಏಳು ತಲೆಮಾರಿನ ಅತಿಥಿ

ನಮ್ಮ ನಗರದ ಮೂರನೆಯ ಅಭಿಮಾನಿ ಸಮಾವೇಶದ ನಡಾವಳಿಗೆ ಆಕ್ಷೇಪಣೆ ಸಲ್ಲಿಸಲು ಗೊತ್ತುಪಡಿಸಿದ್ದ ಹನ್ನೊಂದು ತಿಂಗಳ ಅವಧಿಯು ನಿನ್ನೆ ಸಂಜೆ ಐದು ಗಂಟೆಗೆ ಮುಗಿಯಿತು. ಯಾರೊಬ್ಬರೂ ಆಕ್ಷೇಪಿಸಲಿಲ್ಲ. ಆದಕಾರಣ ಅಲ್ಲಿ ನಡೆದುದೆಲ್ಲವೂ ಸರಿಯಾಗಿಯೇ ನಡೆಯಿತೆಂಬುದು ಈ ಬೆಳಗಿನಿಂದ ಸಿದ್ಧವಾಗಿದ್ದು, ಸ್ವಾಗತ ಸಮಿತಿಯ ಬರಹಗಾರನಾದ ನಾನು ಅದನ್ನು ನಿಸ್ಸಂಕೋಚವಾಗಿ ನಿರೂಪಿಸಬಹುದಾಗಿದೆ.

ಸಮಾವೇಶವು ಕಳೆದ ಸೆಪ್ಟೆಂಬರಿನಲ್ಲಿ, ನಮ್ಮ ಹುಲ್ಲುಗಾವಲು ನಾಡಿನ ಬೇಸಗೆಯ ಮೇವುಬೆಟ್ಟಗಳಿಂದ ಮಂದೆಗಳು ಕೆಳಗಿಳಿಯುವ ವಾರದಲ್ಲಿ, ರೈಲ್ವೆ ನೌಕರರ ಸಂಸ್ಕೃತಿ ಭವನದಲ್ಲಿ ನೆರೆಯಿತು. ನೆರೆದವರು ‘ದೂರದ ಠಾಣೆ’ ಎಂಬ ಹಳೆಯ ಪರದೇಶದ ಧಾರಾವಾಹಿಯ ಅಭಿಮಾನಿಗಳು. ಹೆಂಡತಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿ, ನಕ್ಷತ್ರಗಳಾಚೆಯ ಕಾವಲು ಠಾಣೆಗೆ ಹೊರಟುಹೋದ ದಂಡನಾಯಕ ವೆಲ್ಗಾರನ ಕಥೆ ಅದು. ಪ್ರತಿಯೊಂದು ಕಂತಿನ ಆರಂಭದಲ್ಲಿಯೂ ವೆಲ್ಗಾರನು ಕತ್ತಿ ಹಿರಿಯುವ ಮುನ್ನ ತನ್ನ ಏಳು ತಲೆಮಾರಿನ ಪೂರ್ವಜರ ಹೆಸರುಗಳನ್ನು ಹೇಳುತ್ತಿದ್ದನು. ಬೇರೆ ದೇಶಗಳಲ್ಲಿ ಪ್ರೇಕ್ಷಕರು ಆ ಹೊತ್ತಿಗೆ ಎದ್ದು ಚಹಾಕ್ಕೆ ನೀರಿಡುತ್ತಿದ್ದರಂತೆ. ನಮ್ಮಲ್ಲಿ ಮಲಗಿದ್ದವರೂ ಎದ್ದು ಕೂರುತ್ತಿದ್ದರು. ಏಳು ತಾತಂದಿರನ್ನು ತಡವರಿಸದೆ ಹೇಳುವವನು ಹಸುರು ಬಣ್ಣದ ಮುಖದವನಾದರೂ ನಮ್ಮವನೇ ಎಂದು ಜನ ತೀರ್ಮಾನಿಸಿದ್ದರು.

ಒಟ್ಟು ನೂರ ಹನ್ನೆರಡು ಕಂತುಗಳಲ್ಲಿ ಕೊನೆಯದನ್ನು ಮಾತ್ರ ನಮ್ಮ ನಗರವು ನೋಡಲಿಲ್ಲ. ೧೯೯೭ರ ಫೆಬ್ರುವರಿಯಲ್ಲಿ ಟಿವಿ ಗೋಪುರದ ತಾಮ್ರವನ್ನೆಲ್ಲ ಕೆಲವು ಹಿತೈಷಿಗಳು ಕಳಚಿ ಮಾರಿದ್ದೇ ಅದಕ್ಕೆ ಕಾರಣ. ಸದರಿ ಹಿತೈಷಿಗಳಲ್ಲಿ ಇಬ್ಬರು ಈಗ ಸಮಿತಿಯ ಸದಸ್ಯರು. ಧಾರಾವಾಹಿಯ ಕುತೂಹಲವನ್ನು ಇಪ್ಪತ್ತೇಳು ವರ್ಷ ಕೆಡದಂತೆ ಕಾಪಾಡಿದವರೆಂದು ಅವರಿಗೆ ಉದ್ಘಾಟನೆಯ ದಿನ ಗೌರವದ ನಿಲುವಂಗಿ ಹೊದಿಸಲಾಯಿತು.

ಸ್ವಯಂಸೇವಕರ ಆಯ್ಕೆಯು ಅವರವರ ಸ್ವಂತ ಇಚ್ಛೆಯಿಂದಲೇ ನಡೆಯಿತು. ನಗರದ ಇಂಗ್ಲಿಷ್ ಅಧ್ಯಾಪಕರೆಲ್ಲರೂ ಶುಕ್ರವಾರ ಸಂಜೆಯೊಳಗೆ ಸ್ವಇಚ್ಛೆಯನ್ನು ಹೊಂದತಕ್ಕದ್ದೆಂದೂ, ಹೊಂದದಿರುವವರನ್ನು ತಡವಾಗಿ ಹೊಂದಿದವರೆಂದು ಪರಿಗಣಿಸಲಾಗುವುದೆಂದೂ ಸುತ್ತೋಲೆ ಹೊರಟಿತ್ತು. ಇಷ್ಟಾದರೂ, ಸುತ್ತೋಲೆ ಬರುವ ಮೊದಲೇ ನಿಜವಾಗಿ ಇಚ್ಛೆಪಟ್ಟು ಅರ್ಜಿ ಹಾಕಿದವರೊಬ್ಬರಿದ್ದರು. ಅವರು ಹದಿನಾಲ್ಕನೆಯ ಶಾಲೆಯ ಅಧ್ಯಾಪಕಿ, ಐವತ್ತೊಂದು ವರ್ಷದ ರೌಶಾನ್. ಇದು ಅಪೂರ್ವವಾದ್ದರಿಂದ ಸಮಿತಿಯು ಮೊದಲು ಅವರ ಮೇಲೆ ಸಂಶಯಪಟ್ಟಿತು.

ಸಂಶಯಕ್ಕೆ ಆಧಾರವಿರಲಿಲ್ಲ. ರೌಶಾನರ ತಾಯಿ, ಊರವರು ಗೌರವದಿಂದ ಅಪಾ ಎಂದು ಕರೆಯುವ ಕುಲ್ಯಾಶ್, ಎಂಬತ್ತನಾಲ್ಕು ವರ್ಷದವರು, ಹಾಸಿಗೆ ಹಿಡಿದಿದ್ದವರು. ಧಾರಾವಾಹಿ ನಿಂತ ಆ ಚಳಿಗಾಲದಲ್ಲಿಯೇ ಅವರ ಯಜಮಾನರು ಕೆಲಸ ಹುಡುಕಿಕೊಂಡು ಉತ್ತರದ ಕಡೆಗೆ ರೈಲು ಹತ್ತಿ, ಮರಳಿ ಬಂದಿರಲಿಲ್ಲ. ಯಜಮಾನರ ವಿಷಯವನ್ನು ಆಕೆ ಅಂದಿನಿಂದ ಯಾರನ್ನೂ ಕೇಳಿದವರಲ್ಲ. ವೆಲ್ಗಾರನು ಕೊನೆಗೆ ಮನೆಗೆ ಬಂದನೋ ಇಲ್ಲವೋ ಎಂಬುದನ್ನು ಮಾತ್ರ ಬಂದವರನ್ನೆಲ್ಲ ಕೇಳುತ್ತಿದ್ದರು.

“ಇಂಟರ್‌ನೆಟ್ಟಲ್ಲಿ ಎಲ್ಲಾ ಬರ್ದಿರ್ತಾರಮ್ಮ, ನೋಡಿ ಹೇಳ್ಲಾ?” ಎಂದು ರೌಶಾನ್ ಹಲವು ಬಾರಿ ಕೇಳಿದ್ದರು.

“ಬರೆದೋನು ಯಾರ ಮಗ?”

“ಅದನ್ನೆಲ್ಲ ಹಾಕಿರಲ್ಲಮ್ಮ.”

“ಹಂಗಾದ್ರೆ ನಾಯಿ ಬೊಗಳ್ತು ಅಂದ್ಕೊಂಡು ಮುಂದೆ ಹೋಗು. ಇಂಗ್ಲಿಷ್ ಮೇಷ್ಟ್ರಮ್ಮ ಅಂತೆ! ವೆಲ್ಗಾರ ಊರಿಗೇ ಬರ್ತಿದಾನೆ, ಎದುರಿಗೆ ನಿಂತ್ಕೊಂಡು ಒಂದು ಮಾತು ಕೇಳೋಕೆ ನಿನಗೇನು ರೋಗ? ಬಂದ್ನಾ, ಇಲ್ವಾ. ಅಷ್ಟೇ.”

ಬರಲಿದ್ದವರು ವೆಲ್ಗಾರನ ಪಾತ್ರಧಾರಿ, ಎಪ್ಪತ್ತೊಂದು ವರ್ಷದ ಇಂಗ್ಲೆಂಡಿನ ನಟ ಡೆನ್ಜಿಲ್ ಪಾಸ್ಕೋ. ರೌಶಾನರನ್ನು ಅವರ ದುಭಾಷಿಯನ್ನಾಗಿ ನೇಮಿಸಲಾಯಿತು. ಸಮಾವೇಶದ ಮೂರು ದಿನವೂ ಅವರು ಅತಿಥಿಯಿಂದ ಒಂದು ಮೊಳ ದೂರದಲ್ಲಿಯೇ ಇರತಕ್ಕವರು. ಆದರೆ ಸ್ವಯಂಸೇವಕರ ನಿಯಮಾವಳಿಯ ಆರನೆಯ ಅಂಶವು ಸ್ಪಷ್ಟವಾಗಿತ್ತು: ಸ್ವಯಂಸೇವಕರು ಅತಿಥಿಯೊಡನೆ ತಮ್ಮ ಸ್ವಂತ ಮಾತನ್ನು ಆಡತಕ್ಕದ್ದಲ್ಲ, ದುಭಾಷಿಯು ಇತರರ ಮಾತನ್ನು ದಾಟಿಸಬಹುದೇ ಹೊರತು ತನ್ನದನ್ನು ಬೆರೆಸತಕ್ಕದ್ದಲ್ಲ, ಅತಿಥಿಯು ನಕ್ಕರೆ ಮರಳಿ ನಗಬಹುದು, ಆ ನಗೆಯು ಅತಿಥಿಯ ನಗೆಯನ್ನು ಮೀರಬಾರದು. ಮೀರಿದವರನ್ನು ಅಲ್ಲಿಂದಲೇ ಮನೆಗೆ ಕಳುಹಿಸುವುದು. ಹೀಗೆ ಒಂದು ಪ್ರಶ್ನೆಯನ್ನು ಕೇಳಲೆಂದೇ ಬಂದ ರೌಶಾನರು ಆ ಒಂದು ಪ್ರಶ್ನೆಯನ್ನುಳಿದು ಮಿಕ್ಕೆಲ್ಲ ಪ್ರಶ್ನೆಗಳನ್ನೂ ಕೇಳುವ ಅಧಿಕಾರವನ್ನು ಪಡೆದರು.

ಇನ್ನು ಊಟದ ವಿಷಯ. ಹಿಂದಿನ ಸಮಾವೇಶದಲ್ಲಿ ಒಬ್ಬನೇ ಅತಿಥಿಗೆಂದು ಕೊಯ್ದ ಮೂರು ಕುರಿಗಳಿಗೆ ನಲವತ್ತಮೂರು ಜನ ಕುಳಿತಿದ್ದರು. ಅವರೆಲ್ಲರೂ ಸಮಿತಿಯ ಉಪಾಧ್ಯಕ್ಷ ಮಾಕ್ಸುತ್ ಅವರ ಹೆಂಡತಿಯ ಕಡೆಯವರು. ಅತಿಥಿಯು ನಿಂತುಕೊಂಡೇ ಚಹಾ ಕುಡಿದು ವಿಮಾನ ಹತ್ತಿದನು. ಇದು ಮರುಕಳಿಸದಿರಲೆಂದು ಈ ಬಾರಿ ಒಂದು ಕಟ್ಟುಪಾಡು ಮಾಡಲಾಯಿತು. ಅತಿಥಿಗಳ ಹಾಸಿನ ಮೇಲೆ ಕೂರುವ ಪ್ರತಿಯೊಬ್ಬನೂ ಬಾಗಿಲಲ್ಲಿ ತನ್ನ ಏಳು ತಲೆಮಾರಿನ ಪೂರ್ವಜರ ಹೆಸರುಗಳನ್ನು ಹೇಳಿ ಸಹಿ ಪಡೆಯತಕ್ಕದ್ದು. ಸಹಿ ಹಾಕುವ ಅಧಿಕಾರವನ್ನು ಒರಾಜಾಲಿ ಅಕ್ಸಕಾಲರಿಗೆ, ಅಂದರೆ ಯಾರ ಮಾತನ್ನೂ ಕೇಳದ ಬಿಳಿಗಡ್ಡದ ಹಿರಿಯರಿಗೆ, ಕೊಡಲಾಯಿತು. ಕಟ್ಟುಪಾಡು ಪೂರ್ಣವಾಗಿ ಯಶಸ್ವಿಯಾಯಿತು. ಮಾಕ್ಸುತ್ ಅವರ ಹೆಂಡತಿಯ ಕಡೆಯವರು ವಾರವೆಲ್ಲ ಬಾಯಿಪಾಠ ಮಾಡಿ ಐವತ್ತೆಂಟು ಜನ ತೇರ್ಗಡೆಯಾದರು.

ತೇರ್ಗಡೆಯಾಗದೆ ಉಳಿದವರು ಅತಿಥಿಯೊಬ್ಬರೇ.

“ಕೇಳು ಮಗಳೇ, ಈ ಅಯ್ಯನ ಅಪ್ಪ ಯಾರಂತೆ?” ಎಂದರು ಒರಾಜಾಲಿ ಅಕ್ಸಕಾಲ್, ಭವನದ ಬಾಗಿಲಿಗೆ ಅಡ್ಡ ಹಾಕಿದ್ದ ಮೇಜಿನ ಹಿಂದಿನಿಂದ.

ರೌಶಾನರು ಕೇಳಿ ಹೇಳಿದರು. “ಹೆನ್ರಿ ಅಂತೆ.”

“ಹೆನ್ರಿ ಅಪ್ಪ?”

“ವಿಲಿಯಂ. ತವರದ ಗಣೀಲಿ ಕೆಲ್ಸ ಮಾಡ್ತಿದ್ರಂತೆ.”

“ಕೆಲ್ಸ ಯಾರು ಕೇಳಿದ್ರು? ವಿಲಿಯಂನ ಅಪ್ಪ?”

ಪಾಸ್ಕೋ ನಕ್ಕರು. ಅವರದೇ ದೇಶದ ಮಳೆಯಂಗಿ ತೊಟ್ಟ, ಬಡಕಲು ಮೈಯ, ಸಾಧು ಸ್ವಭಾವದ ಮನುಷ್ಯ. “ಯಾರಿಗ್ ಗೊತ್ತು ಯಜಮಾನ್ರೇ? ಇನ್ನೊಬ್ಬ ವಿಲಿಯಂ ಇದ್ದಿರ್ಬೇಕು” ಎಂದರು.

“‘ಇದ್ದಿರ್ಬೇಕು’ ಅಂತ ಹೆಸರು ಬರ್ಕೊಳ್ಳೋಕಾಗಲ್ಲ” ಎಂದು ಅಕ್ಸಕಾಲರು ಲೇಖನಿಯನ್ನು ಕೆಳಗಿಟ್ಟರು. “ಎರಡು. ಎರಡಕ್ಕೇ ನಿಂತು ಹೋಯ್ತು.”

ಮಾಕ್ಸುತ್ ಓಡಿಬಂದರು. “ಅಕ್ಸಕಾಲ್, ಏನ್ ಮಾಡ್ತಿದೀರಿ? ಇವ್ರು ಅತಿಥಿ! ಊರ ಗೋಡೆ ಮೇಲೆಲ್ಲ ಇವ್ರದೇ ಮುಖ ಅಂಟ್ಸಿದೀವಿ.”

“ಮುಖ ಇದೆ ಮಾಕ್ಸುತ್, ಯಾರು ಇಲ್ಲ ಅಂದ್ರು? ಮುಖದ ಹಿಂದೆ ಯಾರಿದಾರೆ ಅಂತ ಕೇಳ್ತಿದೀನಿ. ಇವ್ರನ್ನ ಸುಮ್ನೆ ಒಳಗೆ ಬಿಡು ಅಂತೀರಾ? ಬಿಡ್ತೀನಿ. ಆಮೇಲೆ ಕಟ್ಟುಪಾಡೇ ಇಲ್ಲ ಅಂತಾಗುತ್ತೆ. ಆಗ ನಿಮ್ಮ ಹೆಂಡ್ತಿ ಕಡೆಯವ್ರು ಐವತ್ತೆಂಟು ಜನ ಯಾವ ಲೆಕ್ಕದಲ್ಲಿ ಒಳಗೆ ಕೂತಿದಾರೆ ಅಂತ ಬೇರೆಯವ್ರು ಕೇಳ್ತಾರೆ. ಹೇಳಿ, ಬಿಡ್ಲಾ?”

ಮಾಕ್ಸುತ್ ಒಳಗಿನಿಂದ ಬರುತ್ತಿದ್ದ ಬೇಯುವ ಮಾಂಸದ ವಾಸನೆಯನ್ನು ಒಮ್ಮೆ ಮೂಸಿ, ನಿಯಮವು ಎಲ್ಲರಿಗೂ ಒಂದೇ ಎಂದು ಒಪ್ಪಿದರು.

ಏಳು ತಾತಂದಿರನ್ನು ಅರಿಯದವನು ಅನಾಥನೆಂಬುದು ನಮ್ಮ ಹಿರಿಯರ ಮಾತು. ಅನಾಥನನ್ನು ಬಾಗಿಲಿಂದ ಹಿಂದಕ್ಕೆ ಕಳುಹಿಸುವುದು ಪಾಪ. ಆತನಿಗೆ ಅನ್ನವನ್ನೂ ಹಗುರವಾದ ಕೆಲಸವನ್ನೂ ಕೊಡಬೇಕು. ಅಂದು ಭವನದಲ್ಲಿ ಖಾಲಿಯಿದ್ದ ಹಗುರವಾದ ಕೆಲಸವು ಒಂದೇ ಆಗಿದ್ದುದರಿಂದ, ಡೆನ್ಜಿಲ್ ಪಾಸ್ಕೋ ಅವರಿಗೆ ನೂರ ಹದಿನೆಂಟನೆಯ ಸಂಖ್ಯೆಯ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿಯನ್ನು ಕೊಟ್ಟು ಸ್ವಯಂಸೇವಕರನ್ನಾಗಿ ಸೇರಿಸಿಕೊಳ್ಳಲಾಯಿತು. ರೌಶಾನರು ಅದೆಲ್ಲವನ್ನೂ ತಲೆ ತಗ್ಗಿಸಿಕೊಂಡು ಅವರಿಗೆ ವಿವರಿಸಿದರು.

ಪಾಸ್ಕೋ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಒಂಬತ್ತು ದೇಶದಲ್ಲಿ ಇಂಥ ಸಮಾವೇಶ ನೋಡಿದೀನಿ ಮೇಡಂ. ಕುರ್ಚೀಲಿ ಕೂರ್ಸಿ, ಬೆರಳು ಸೇದೋವರ್ಗೂ ಸಹಿ ಹಾಕಿಸ್ತಾರೆ. ನಿಂತ್ಕೊಂಡು ಮಾಡೋ ಕೆಲ್ಸ ಕೊಟ್ಟೋರು ನೀವೇ ಮೊದಲು” ಎಂದು ಅದನ್ನು ತೊಟ್ಟುಕೊಂಡರು. ಅವರನ್ನು ಹಸ್ತಾಕ್ಷರದ ಸರದಿಯ ಸಾಲಿಗೆ ಕಾವಲು ಹಾಕಲಾಯಿತು.

ಇತ್ತ ಮುಖ್ಯ ಅತಿಥಿಯ ಮೇಲ್ಗದ್ದುಗೆಯು ಬರಿದಾಗಿತ್ತು. ಅತಿಥಿಯು ಕುರಿಯ ತಲೆಯನ್ನು ಸ್ವೀಕರಿಸದೆ ಉಳಿದವರು ಮಾಂಸಕ್ಕೆ ಕೈ ಹಾಕುವಂತಿಲ್ಲ. ಐವತ್ತೆಂಟು ಜನರೂ ಆರುತ್ತಿರುವ ತಟ್ಟೆಗಳನ್ನು ನೋಡುತ್ತ ಕುಳಿತಿದ್ದರು. ಸಂಕಟವು ಹೀಗೆ ಏರುತ್ತಿರುವಲ್ಲಿ ಬಾಗಿಲಿಗೆ ದಂಡನಾಯಕ ವೆಲ್ಗಾರನು ಬಂದನು. ಹಸುರು ಮುಖ, ಭುಜಕೀರ್ತಿ, ಮೊಣಕಾಲುದ್ದದ ಕತ್ತಿ, ಒಂದೂ ತಪ್ಪಿಲ್ಲ. ವೇಷದೊಳಗಿದ್ದವನು ಮಾರುಕಟ್ಟೆಯಲ್ಲಿ ಹಳೆಯ ಟೈರು ಮಾರುವ ಎರ್ಮೆಕ್.

“ಹೆಸರು?” ಎಂದರು ಅಕ್ಸಕಾಲ್.

“ವೆಲ್ಗಾರ್!” ಎಂದು ಎರ್ಮೆಕ್ ಎದೆಯುಬ್ಬಿಸಿದನು. ಒರಾಜಾಲಿ ಅಕ್ಸಕಾಲರು ತಾತಂದಿರನ್ನು ಕೇಳುವುದಕ್ಕೂ ಅವಕಾಶ ಕೊಡದೆ ಅವನು ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ವೆಲ್ಗಾರನ ಪೂರ್ವಜರನ್ನು ಓಲ್ದ್ರಾನನಿಂದ ಆರಂಭಿಸಿದನು. ಮೂರನೆಯ ಹೆಸರಿನ ಹೊತ್ತಿಗೆ ಸಾಲಿನಲ್ಲಿದ್ದ ನಾನೂರು ಅಭಿಮಾನಿಗಳೂ ದನಿಗೂಡಿಸಿದರು. ಏಳನೆಯದಕ್ಕೆ ಕಿಟಕಿಯ ಗಾಜುಗಳು ಅದುರಿದವು. ಅಕ್ಸಕಾಲರು ಕಣ್ಣೊರೆಸಿಕೊಂಡು ಸಹಿ ಹಾಕಿದರು.

“ಅಕ್ಸಕಾಲ್, ಇವ್ನು ನಮ್ಮ ಟೈರ್ ಎರ್ಮೆಕ್! ಹೋದ್ವಾರ ನಂಗೇ ಒಂದು ತೂತು ಟೈರ್ ಕಟ್ಟಿದಾನೆ” ಎಂದರು ಮಾಕ್ಸುತ್.

“ನಿಮ್ಮ ಆಹ್ವಾನಪತ್ರಿಕೇಲಿ ಏನಂತ ಹಾಕ್ಸಿದೀರಿ? ‘ಮುಖ್ಯ ಅತಿಥಿ: ದಂಡನಾಯಕ ವೆಲ್ಗಾರ್.’ ವೆಲ್ಗಾರನ್ನ ಕೇಳ್ದೆ, ವೆಲ್ಗಾರ ಹೇಳ್ದ. ಏಳಕ್ಕೆ ಏಳು. ಇನ್ನೂ ಮಾತಾಡ್ತೀರಾ, ಊಟ ಮಾಡ್ತೀರಾ?”

ಎರ್ಮೆಕ್‌ನನ್ನು ಮೇಲ್ಗದ್ದುಗೆಯಲ್ಲಿ ಕೂರಿಸಿ ಕುರಿಯ ತಲೆಯನ್ನು ಮುಂದಿಡಲಾಯಿತು. ಅವನು ಕಿವಿಯನ್ನು ಕೊಯ್ದು ಕಿರಿಯರಿಗೆ ಕೊಟ್ಟು, ಮಿಕ್ಕದ್ದನ್ನು ಕ್ರಮವಾಗಿ ಹಂಚಿದ ರೀತಿಯನ್ನು ನೋಡಿ, ಹಿಂದಿನ ಯಾವ ಪರದೇಶದ ಅತಿಥಿಗೂ ಇಷ್ಟು ಸಂಸ್ಕಾರವಿರಲಿಲ್ಲವೆಂದು ಎಲ್ಲರೂ ಹೊಗಳಿದರು. ಊಟದ ತರುವಾಯ ಅವನು ಹಸ್ತಾಕ್ಷರ ಹಾಕಲು ಕುಳಿತನು. “ತಳ್ಬೇಡಿ, ತಳ್ಬೇಡಿ, ಎಲ್ರಿಗೂ ಸಿಗುತ್ತೆ” ಎಂದು ನಮ್ಮ ಭಾಷೆಯಲ್ಲಿ ಆಗಲೇ ಕಲಿತಿದ್ದ ಒಂದೇ ವಾಕ್ಯವನ್ನು ಹೇಳುತ್ತ ಪಾಸ್ಕೋ ಸಾಲನ್ನು ನೇರವಾಗಿ ನಿಲ್ಲಿಸಿದರು. ಇಬ್ಬರು ಅಭಿಮಾನಿಗಳು, ಈ ಮುದುಕನನ್ನ ಎಲ್ಲೋ ನೋಡಿದ ಹಾಗಿದೆ ಎಂದು ಮಾತನಾಡಿಕೊಂಡರು.

ಸ್ವಯಂಸೇವಕರು ತಮ್ಮತಮ್ಮೊಳಗೆ ಸೌಹಾರ್ದದಿಂದ ಮಾತನಾಡಬಹುದೆಂದು ನಿಯಮಾವಳಿಯ ಒಂಬತ್ತನೆಯ ಅಂಶದಲ್ಲಿದೆ. ಅದಕ್ಕೆ ಹನ್ನೆರಡು ನಿಮಿಷಗಳ ಚಹಾ ವಿರಾಮ. ರೌಶಾನರು ನಿಯಮಾವಳಿಯನ್ನು ಎರಡು ಬಾರಿ ಓದಿ ಖಚಿತಪಡಿಸಿಕೊಂಡು, ಚಹಾ ಕಾಯಿಸುವ ಸಮೋವರಿನ ಬಳಿ ನಿಂತಿದ್ದ ನೂರ ಹದಿನೆಂಟನೆಯವರ ಕೈಗೆ ಹಾಲು ಬೆರೆಸಿದ ಚಹಾದ ಬಟ್ಟಲನ್ನಿತ್ತರು.

“ಸರ್, ಒಂದೇ ಒಂದು ಮಾತು. ಕೊನೇ ಕಂತು ನಮ್ಮೂರಲ್ಲಿ ಬರ್ಲೇ ಇಲ್ಲ. ವೆಲ್ಗಾರ್ ಮನೆಗೆ ಬಂದ್ನಾ?”

“ಇಲ್ಲ ಮೇಡಂ” ಎಂದರು ಪಾಸ್ಕೋ. “ಬರೋನಿದ್ದ. ಹಂಗೇ ಬರೆದಿದ್ರು. ಹೆಂಡ್ತಿ ದೀಪ ಹಿಡ್ಕೊಂಡು ನಿಂತಿರ್ತಾಳೆ, ಇವನು ಬರ್ತಾನೆ. ಅಷ್ಟರಲ್ಲಿ ನಾನು ಸಂಬಳ ಜಾಸ್ತಿ ಮಾಡಿ ಅಂದೆ. ಠಾಣೆ ಬಾಗ್ಲಲ್ಲೇ ಸಾಯ್ಸಿಬಿಟ್ರು. ಯಾಕೆ, ಅಷ್ಟು ಬೇಕಾಗಿತ್ತಾ?”

“ನಮ್ಮಮ್ಮಂಗೆ ಬೇಕಾಗಿತ್ತು” ಎಂದರು ರೌಶಾನ್. ವಿರಾಮವು ಮುಗಿದ ಗಂಟೆ ಹೊಡೆಯಿತು.

ಆದರೆ ಧಾರಾವಾಹಿಗೆ ಸಂಬಂಧಿಸಿದ ಯಾವುದೇ ಮಾಹಿತಿಯನ್ನು ಮುಖ್ಯ ಅತಿಥಿಯ ದೃಢೀಕರಣವಿಲ್ಲದೆ ಭವನದಿಂದ ಹೊರಕ್ಕೆ ಒಯ್ಯುವಂತಿರಲಿಲ್ಲ. ವದಂತಿಗಳನ್ನು ತಡೆಯಲೆಂದು ನಾನೇ ಬರೆದ ಅಂಶವದು. ಸಂಜೆ ಹೊರಡುವಾಗ ರೌಶಾನರು ‘ವೆಲ್ಗಾರನು ಮನೆಗೆ ಮರಳಲಿಲ್ಲ’ ಎಂಬ ಮಾಹಿತಿಯನ್ನು ಪ್ರಾಮಾಣಿಕವಾಗಿ ಘೋಷಿಸಿದರು. ನಾನು ಅದನ್ನು ಮೇಲ್ಗದ್ದುಗೆಗೆ ಒಯ್ದು ಓದಿದೆನು.

ಎರ್ಮೆಕ್ ಸಂಜೆಯ ಊಟದ ಮೂಳೆ ಕಡಿಯುವುದನ್ನು ನಿಲ್ಲಿಸಿದನು. “ಯಾವನ್ರೀ ಹೇಳಿದ್ದು ಬರ್ಲಿಲ್ಲ ಅಂತ? ಬರ್ದೇ ಇದ್ರೆ ಇಲ್ಲಿ ಕೂತು ಉಣ್ತಿರೋದ್ಯಾರು?”

ಈ ವಾದವನ್ನು ಸಮಿತಿಯು ಸರ್ವಾನುಮತದಿಂದ ಅಂಗೀಕರಿಸಿತು. ವೆಲ್ಗಾರನು ಕ್ಷೇಮವಾಗಿ ಮನೆ ಸೇರಿರುವನೆಂದು ಪ್ರಮಾಣಪತ್ರ ಸಿದ್ಧವಾಯಿತು, ಮುದ್ರೆ ಬಿದ್ದಿತು. ವ್ಯತಿರಿಕ್ತ ಮಾಹಿತಿ ನೀಡಿದ್ದ ನೂರ ಹದಿನೆಂಟನೆಯ ಸ್ವಯಂಸೇವಕನು ಸಾಕ್ಷಿಯಾಗಿ ರುಜು ಹಾಕಬೇಕಿತ್ತು. ರೌಶಾನರು ಪತ್ರವನ್ನು ಓದಿ ತಿಳಿಸಿದಾಗ ಪಾಸ್ಕೋ ಲೇಖನಿಯ ಮುಚ್ಚಳ ತೆಗೆದು ಅವರ ಕಡೆಗೆ ತಿರುಗಿದರು.

“ನಿಮ್ಮಮ್ಮಂಗೆ ವಯಸ್ಸೆಷ್ಟು?”

“ಎಂಬತ್ತನಾಲ್ಕು.”

ಅವರು ರುಜು ಹಾಕಿದರು. ಅನಾಥನ ಅಕ್ಷರ ದುಂಡಗಿದೆಯೆಂದು ಒರಾಜಾಲಿ ಅಕ್ಸಕಾಲರು ಮೆಚ್ಚಿದರು.

ರೌಶಾನರು ತಾಯಿಗೆ ಎಂದೂ ಸುಳ್ಳು ಹೇಳಿದವರಲ್ಲ, ಅಂದೂ ಹೇಳಲಿಲ್ಲ.

“ಅವನು ಬರ್ಲಿಲ್ಲಮ್ಮ” ಎಂದರು, ಹಾಸಿಗೆಯ ಅಂಚಿನಲ್ಲಿ ಕುಳಿತು. “ಠಾಣೆ ಬಾಗ್ಲಲ್ಲೇ ತೀರ್ಕೊಂಡ್ನಂತೆ. ಆ ಪಾರ್ಟು ಮಾಡಿದ ಮನುಷ್ಯನೇ ಹೇಳಿದ್ರು.”

ಕುಲ್ಯಾಶ್ ಅಪಾ ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆಯದೆಯೇ, “ಆ ಪಾರ್ಟು ಮಾಡ್ದೋನು ತಾತಂದಿರ ಹೆಸರು ಎಷ್ಟು ಹೇಳ್ದ?” ಎಂದರು.

“ಎರಡು.”

“ಎರಡಾ! ತಾತನಪ್ಪನೇ ಗೊತ್ತಿಲ್ದೋನಿಗೆ ಕಂಡೋರ ಮನೆ ವಿಷ್ಯ ಏನು ಗೊತ್ತಿರುತ್ತೆ? ಆ ಕೈಲಿರೋ ಕಾಗದ ಏನು?”

“ಸಮಿತಿಯವ್ರು ಕೊಟ್ಟಿದ್ದು. ಬಂದ ಅಂತ ಬರ್ದಿದಾರೆ.”

“ಮುದ್ರೆ ಇದೆಯಾ?”

“ಇದೆ.”

ಅಪಾ ಮುದ್ರೆಯ ಮೇಲೆ ಹೆಬ್ಬೆರಳನ್ನು ಆಡಿಸಿ ನೋಡಿದರು. “ಬಂದ ಅನ್ನು” ಎಂದರು. “ಎಷ್ಟು ತಡ ಮಾಡ್ದ ನೋಡು, ಹಾಳಾದೋನು.”

ತರುವಾಯದ ಸಂಗತಿಗಳು ಇಷ್ಟು. ಎರ್ಮೆಕ್‌ನನ್ನು ಮುಂದಿನ ಮೂರು ಸಮಾವೇಶಗಳಿಗೂ ಮುಖ್ಯ ಅತಿಥಿಯೆಂದು ಗೊತ್ತುಮಾಡಲಾಗಿದೆ. ಪಾಸ್ಕೋ ಅವರು ಈ ವರ್ಷವೂ ಸ್ವಯಂಸೇವಕರಾಗಿ ಬರುವುದಾಗಿ ಅರ್ಜಿ ಹಾಕಿದ್ದು, ತಮ್ಮೂರಿನ ಚರ್ಚಿನ ಹಳೆಯ ಪುಸ್ತಕಗಳಲ್ಲಿ ಮೂರನೆಯ ತಾತನ ಹೆಸರು ಸಿಕ್ಕಿತೆಂದೂ, ಅದು ವಿಲಿಯಂ ಅಲ್ಲವೆಂದೂ ತಿಳಿಸಿದ್ದಾರೆ. ಕುಲ್ಯಾಶ್ ಅಪಾ ಮಾತ್ರ ಪ್ರಮಾಣಪತ್ರ ಕೈಗೆ ಬಂದ ಆ ಸಂಜೆಯೇ ಮಗಳನ್ನು ಕರೆದು, ೧೯೯೭ರ ಚಳಿಗಾಲದಿಂದ ಒಂದು ದಿನವೂ ಹಾಕಗೊಡದಿದ್ದ ಮುಂಬಾಗಿಲ ಅಗುಳಿಯನ್ನು ಹಾಕಿಸಿದರು. ಈಗ ಅದನ್ನು ದಿನವೂ ಹಾಕುತ್ತಾರೆ.