ನಕ್ಷತ್ರ ನೌಕೆಯ ಬಾಗಿಲು ಬಡಿದದ್ದು

ಶನಿವಾರ ಮಧ್ಯಾಹ್ನ ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಆಗ ಮಗಳು ಶ್ರಾವಣಿಯ ಫೋನ್ ಬಂತು. ಮೊಣಕೈಯಿಂದ ಸ್ಪೀಕರ್ ಒತ್ತಿದೆ.

"ಅಮ್ಮೇ, ಞಾನಾಣ್ ಕ್ಯಾಪ್ಟನ್" ಅಂದಳು.

ನಾನೇ ಕ್ಯಾಪ್ಟನ್ ಅಂತ ಅರ್ಥ. ಕೊಚ್ಚಿಯಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರಿಸುವುದು ಅವಳ ಪದ್ಧತಿ. ಉತ್ತರಿಸುತ್ತಾಳಲ್ಲ, ಅದೇ ದೇವರ ದಯೆ.

ಕಳಕ್ಕೂಟಂ ಹತ್ತಿರದ ಅವಳ ಕಾಲೇಜಿನಲ್ಲಿ ಮಕ್ಕಳೆಲ್ಲ ಸೇರಿ ಸಭಾಂಗಣದೊಳಗೆ ಒಂದು ನಕ್ಷತ್ರ ನೌಕೆ ಕಟ್ಟಿದ್ದರು. ಪ್ಲೈವುಡ್ಡಿನದು, ಮೇಲೆ ಬೆಳ್ಳಿ ಹಾಳೆ. ಆ ಸಂಜೆಯಿಂದ ಐದು ಜನ ಒಳಗೆ ಸೇರಿ ನಾಲ್ಕು ದಿನ ಬಾಗಿಲು ಹಾಕಿಕೊಂಡು, ನಿಜವಾಗಿಯೂ ಗ್ರಹಗಳ ನಡುವೆ ಹೋಗುತ್ತಿದ್ದೇವೆ ಎಂಬಂತೆ ಬದುಕಬೇಕು. ನಡುವೆ ಬಾಗಿಲು ತೆರೆದರೆ ಗಾಳಿ ಸೋರಿ ಐವರೂ ಸತ್ತ ಹಾಗೆ. ಒಂದು ವರ್ಷದ ದುಡಿಮೆ ಮಣ್ಣುಪಾಲು. ಮೊದಲು ಕ್ಯಾಪ್ಟನ್ ಆಗಿದ್ದ ಹುಡುಗನಿಗೆ ಚಿಕನ್‌ಪಾಕ್ಸ್ ಬಂದು, ಐವರಲ್ಲಿ ಎಲ್ಲರಿಗಿಂತ ಚಿಕ್ಕವಳಾದ ನಮ್ಮವಳ ಹೆಗಲಿಗೆ ಆ ಹೊಣೆ ಬಿದ್ದಿತ್ತು. ತಳ್ಳುಗಾಡಿಯ ಬೆಂಡೆಕಾಯಿಯನ್ನು ಬೇಡ ಅನ್ನಲಾರದೆ ಕೊಂಡು ತರುತ್ತಿದ್ದ ಹುಡುಗಿ!

ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಯಜಮಾನರು "ನೀನು ಸುಮ್ನೆ ಇದ್ದರೆ ಅವಳು ಗೆಲ್ತಾಳೆ" ಎಂದರು. ಸುಮ್ಮನಿರುವುದರಲ್ಲಿ ನನಗೆ ಪೂರ್ಣ ವಿಶ್ವಾಸವಿತ್ತು. ಭಾನುವಾರ ಬೆಳಗಾಗುವವರೆಗೂ ಇತ್ತು.

ನೌಕೆಯೊಳಗೆ ಫೋನಿಲ್ಲ. ಹೊರಗಿನ ಕಂಟ್ರೋಲ್ ರೂಮಿನಲ್ಲಿರುವ ಅಂಜು ಎಂಬ ಹುಡುಗಿಗೆ ಸಂದೇಶ ಕಳಿಸಿದರೆ ಅವಳು ಒಳಗೆ ದಾಟಿಸುತ್ತಾಳೆ. ಆದರೆ ನೌಕೆ ಬಹಳ ದೂರದಲ್ಲಿದೆ ಎಂದು ಲೆಕ್ಕ. ಆದ್ದರಿಂದ ಪ್ರತಿ ಉತ್ತರವನ್ನೂ ಇಪ್ಪತ್ತು ನಿಮಿಷ ತಡೆದು ಕಳಿಸುತ್ತಾರೆ. ಅಂಜು ಇದನ್ನೆಲ್ಲ ಫೋನಿನಲ್ಲಿ ನಿಧಾನವಾಗಿ ವಿವರಿಸಿದಳು. ನಾನೂ ಹೂಂ ಹೂಂ ಎಂದು ಕೇಳಿಸಿಕೊಂಡೆ.

ಪೂಜೆ ಮುಗಿಸಿ "ಊಟ ಸರಿಯಾಗಿ ಮಾಡ್ತಿದ್ದೀಯಾ?" ಎಂದು ಕಳಿಸಿದೆ. ಉತ್ತರವಿಲ್ಲ. "ಹುಷಾರಿಲ್ವಾ?" ಎಂದು ಕಳಿಸಿದೆ. ಸ್ವಲ್ಪ ಹೊತ್ತಿಗೆ, ಎಂದಿನಂತೆ ಮಲಯಾಳದಲ್ಲಿ, ಉತ್ತರ ಬಂತು. "ಹೌದು. ಚಿಂತೆ ಮಾಡಬೇಡ."

ಅದು ಊಟದ ಪ್ರಶ್ನೆಗೆ ಬಂದ ಉತ್ತರ. ಆ ಹೊತ್ತಿನಲ್ಲಿ ಇಪ್ಪತ್ತು ನಿಮಿಷದ ಲೆಕ್ಕ ಯಾವ ತಾಯಿಯ ತಲೆಯಲ್ಲಿ ನಿಲ್ಲುತ್ತದೆ, ಹೇಳಿ. ಹುರಿದಿಟ್ಟಿದ್ದ ಗೊಜ್ಜವಲಕ್ಕಿಯ ತರಿಯನ್ನು ಡಬ್ಬಿಗೆ ತುಂಬಿದೆ. ನೀರು ಚಿಮುಕಿಸಿದರೆ ಊಟ ಸಿದ್ಧ. ಬಾಹ್ಯಾಕಾಶಕ್ಕೆ ಇದಕ್ಕಿಂತ ತಕ್ಕ ಆಹಾರವನ್ನು ಯಾವ ವಿಜ್ಞಾನಿಯೂ ಕಂಡುಹಿಡಿದಿರಲಾರ.

"ಎಲ್ಲಿಗೆ?" ಎಂದರು ಯಜಮಾನರು.

"ನೌಕೆಗೆ" ಎಂದೆ.

ವೈಟ್ಟಿಲ ಬಸ್ ನಿಲ್ದಾಣದಲ್ಲಿ ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು, ದೇವರು ದೊಡ್ಡವನು. ಆಲಪ್ಪುಳ ಬರುವ ಮೊದಲೇ ಎರಡನೆಯ ಉತ್ತರವೂ ಬಂತು. "ಹುಷಾರಾಗಿದ್ದೀನಿ. ಯಾಕೆ?" ಬುದ್ಧಿ ಇರುವ ಹೆಂಗಸು ಅಲ್ಲೇ ಇಳಿದು ವಾಪಸ್ಸು ಬರುತ್ತಿದ್ದಳು. ನಾನು ಫೋನನ್ನು ಚೀಲದೊಳಗೆ ಹಾಕಿ, ಹೇಗೂ ಗೊಜ್ಜವಲಕ್ಕಿ ಇದೆಯಲ್ಲ ಎಂದುಕೊಂಡೆ.

ಕಾಲೇಜಿನಲ್ಲಿ ಭಾನುವಾರದ ಮೌನ. ಕಂಟ್ರೋಲ್ ರೂಮಿನ ಮಕ್ಕಳು ಚಹಾಕ್ಕೆ ಹೋಗಿದ್ದರು. ತಡೆಯುವವರಿಲ್ಲ. ಮೆಟ್ಟಿಲು ಹತ್ತಿ ಸಭಾಂಗಣದೊಳಗೆ ಹೋದೆ. ನೌಕೆ ಬೆಳ್ಳಗೆ ಹೊಳೆಯುತ್ತಾ ನಿಂತಿತ್ತು. ನಾನು, ಭೂಮಿಯಿಂದ ಕೋಟ್ಯಂತರ ಮೈಲಿ ದೂರದಲ್ಲಿ, ಚಪ್ಪಲಿ ಬಿಟ್ಟು ಅದರ ಬಾಗಿಲು ಬಡಿದೆ.

ಒಳಗಿನ ಮಾತೆಲ್ಲ ನಿಂತುಹೋಯಿತು.

"ಪುಟ್ಟಿ, ಅಮ್ಮ ಕಣೇ."

ಬಾಗಿಲ ಕೆಳಗೆ ಬೆರಳಗಲ ಸಂದಿತ್ತು. ಚೀಲದಲ್ಲಿದ್ದ ಆಂಜನೇಯನ ಸಿಂಧೂರದ ಪೊಟ್ಟಣವನ್ನು ಅದರಲ್ಲಿ ಒಳಗೆ ತಳ್ಳಿದೆ. ಪೊಟ್ಟಣ ಒಳಗೆ ಹೋಯಿತು. ಒಂದು ಕ್ಷಣ ಬಿಟ್ಟು ಹಾಗೇ ಹೊರಗೆ ಬಂತು.

ಒಳಗಿನಿಂದ ಒಬ್ಬ ಹುಡುಗನ ದನಿ. "ಶ್ರಾವಣೀ, ನಿಂಡೆ ಅಮ್ಮಯಲ್ಲೇ, ತುರಕ್ಕ್." ನಿನ್ನ ಅಮ್ಮ ಅಲ್ವಾ, ತೆಗಿ ಅಂತ. ಅವನ ಬಾಯಿಂದ ಆಣಿಮುತ್ತು ಉದುರಿತು ಅನ್ನಿಸಿತು ನನಗೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ.

"ವೇಂಡ" ಎಂದಳು ನನ್ನ ಮಗಳು. ಬೇಡ ಅಂತ. "ತುರನ್ನಾಲ್ ಎಲ್ಲಾರುಂ ತೀರ್‍ನ್ನು." ತೆರೆದರೆ ಎಲ್ಲರೂ ಮುಗಿದೆವು.

ಯಾವಾಗಲೋ ನನ್ನ ಒಂದು ಕೈ ಡಬ್ಬಿ ಬಿಟ್ಟು ಬಾಗಿಲ ಹಿಡಿಯ ಮೇಲೆ ಹೋಗಿತ್ತು. ಪ್ಲೈವುಡ್ಡಿನ ಬಾಗಿಲು. ನಾನೇ ತಳ್ಳಿದ್ದರೂ ತೆರೆಯುತ್ತಿತ್ತು. ಮೆಲ್ಲಗೆ ಕೈ ತೆಗೆದೆ.

ಅವಳು ಬಾಗಿಲ ಹತ್ತಿರ ಬಂದದ್ದು ಕೇಳಿಸಿತು. ಹಲಗೆಗೆ ಬಾಯಿ ಇಟ್ಟು ಮಾತಾಡಿದಳು. ಕನ್ನಡದಲ್ಲಿ.

"ಅಮ್ಮ, ಅಲ್ಲಿ ಗಾಳಿ ಇಲ್ಲ. ಜಾಸ್ತಿ ಹೊತ್ತು ನಿಲ್ಲಬೇಡ."

ಉಸಿರು ಬಿಗಿಹಿಡಿದು ಮೆಟ್ಟಿಲಿಳಿದೆ. ನಿಜವಾಗಿಯೂ ಬಿಗಿಹಿಡಿದಿದ್ದೆ. ಕೆಳಗೆ ಬಂದ ಮೇಲೆ ಅದು ನೆನಪಾಗಿ ಉಸಿರುಬಿಟ್ಟೆ. ಆಮೇಲೆ ಚಪ್ಪಲಿ ಮೇಲೇ ಉಳಿದಿದೆ ಎಂದೂ ನೆನಪಾಯಿತು.

ಚಹಾ ಮುಗಿಸಿ ಬಂದ ಅಂಜು ನನ್ನನ್ನು ಕಂಡು ಹೌಹಾರಿದಳು. ಇಪ್ಪತ್ತು ನಿಮಿಷ ಕಳೆದು ಒಳಗಿನಿಂದ ವರದಿ ಬಂತು. ಆಂಟಿ, ಕೇಳಿ ಎಂದು ಓದಿ ಹೇಳಿದಳು. "ನೌಕೆಯ ಹೊರಮೈಗೆ ಅಪರಿಚಿತ ವಸ್ತುವೊಂದು ಬಡಿಯಿತು. ಹಾನಿಯಿಲ್ಲ. ತಾನಾಗಿಯೇ ದೂರ ಸರಿಯಿತು. ಪ್ರಯಾಣ ಮುಂದುವರಿದಿದೆ. ಕ್ಯಾಪ್ಟನ್ ಶ್ರಾವಣಿ."

ಆಕಾಶ ತಲುಪಬೇಕಿದ್ದ ಗೊಜ್ಜವಲಕ್ಕಿ ಕಂಟ್ರೋಲ್ ರೂಮಿನ ಹೊಟ್ಟೆ ಸೇರಿತು. ನೀರು ಚಿಮುಕಿಸಲೂ ಕಾಯಲಿಲ್ಲ, ಪುಣ್ಯಾತ್ಮರು. ನನ್ನ ಚಪ್ಪಲಿಯನ್ನೂ ಅವರೇ ತಂದುಕೊಟ್ಟರು.

ರಾತ್ರಿ ಮನೆ ಸೇರಿದಾಗ ಯಜಮಾನರು ಬಾಗಿಲಲ್ಲೇ ಕೇಳಿದರು. "ಏನಂದ್ಳು ಕ್ಯಾಪ್ಟನ್?"

"ಬಾಗಿಲು ತೆಗೀಲಿಲ್ಲ."

"ನಿನಗೂ?"

"ನನಗೇ" ಎಂದೆ. ಹೆಮ್ಮೆಯಿಂದ ವರದಿಯನ್ನೂ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು.

"ಸರಿ, ಅಪರಿಚಿತ ವಸ್ತುವೇ" ಎಂದರು ಕೊನೆಗೆ, "ನಾಳೆ ತಿಂಡಿಗೇನು?"

"ಉಪ್ಪಿಟ್ಟು" ಎಂದು ರವೆ ಹುರಿಯಲು ಒಳಗೆ ಹೋದೆ.