ಅಪ್ಪನ ಗಾಳಿಪಟಕ್ಕೆ ಒಂದು ಬಿದಿರು

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ನಡೆದದ್ದಿಲ್ಲ. ಸಾವು ಬಾಗಿಲಿಗೆ ಬಂದು ನಿಂತಿದ್ದ ಆ ಆಷಾಢದಲ್ಲೂ ನಗೆಪಾಟಲಾಗುವುದು ತಪ್ಪಲಿಲ್ಲ. ಅಪ್ಪನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಹೆಚ್ಚು ದಿನ ಇಲ್ಲ ಅಂತ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದರು. ಅಪ್ಪನ ಕಿವಿ ಮಾತ್ರ ಚೆನ್ನಾಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದವನೇ, “ಗಾಳಿ ಬೀಸ್ತಾ ಐತೆ. ಒಂದು ಪಟ ಹಾರಿಸ್ಬುಟ್ಟು ಹೋಯ್ತೀನಿ ಕಣ್ಲಾ” ಅಂದ.

ಪೇಟೆಯಿಂದ ಕೊಂಡು ತರುತ್ತೇನೆ ಅಂದೆ.

“ಪಟಕ್ಕೆ ಯಾರಾನ ದುಡ್ಡು ಕೊಡ್ತಾರೇನ್ಲಾ? ಹಂಗೇ ಗಾಳೀನೂ ಒಂದು ಕೆಜಿ ತಗಂಬಾ.”

ಆಷಾಢ ಮುಗಿಯಲು ಹತ್ತು ದಿನವಿತ್ತು.

ಹಾಳೆ

ತುರುವೇಕೆರೆಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಹಾಳೆಗೇನು ಬರ ಅಂತ ಒಂದು ಕಂತೆ ತಂದೆ. ಅಪ್ಪ ಒಂದನ್ನು ಬಲಗೈಯಲ್ಲಿ ತೂಗಿ ನೋಡಿ, “ಇದು ಹಾರಕಿಲ್ಲ. ತಾಲ್ಲೂಕು ಆಫೀಸಿಗೆ ಅರ್ಜಿ ಕೊಡು, ಅಲ್ಲೇ ಬಿದ್ದಿರ್ತದೆ” ಅಂದ.

ಹಳೇ ಪೇಪರು ತಂದುಕೊಟ್ಟೆ. ಮೊದಲು ಸಿಕ್ಕಿದ್ದೇ ಶ್ರದ್ಧಾಂಜಲಿಯ ಪುಟ. ಕನ್ನಡಕ ಹಾಕಿಕೊಂಡು ಒಬ್ಬೊಬ್ಬರ ವಯಸ್ಸನ್ನೂ ಓದಿದ. ಎಲ್ಲರೂ ಅವನಿಗಿಂತ ಚಿಕ್ಕವರು. ಅವನು ಪುಟವನ್ನು ಪಕ್ಕಕ್ಕಿಟ್ಟು, “ಇದು ಬ್ಯಾಡ. ಇವರೆಲ್ಲಾ ಆಗ್ಲೇ ಒಂದ್ಸಲ ಮ್ಯಾಕೆ ಹೋಗವ್ರೆ. ಸಿನಿಮಾ ಪುಟ ಕೊಡು” ಅಂದ.

ಕಡ್ಡಿ

ತೆಂಗಿನ ಸೀಮೆಯಲ್ಲಿ ಕಡ್ಡಿಗೆ ಯಾರೂ ಅಂಗಡಿಗೆ ಹೋಗುವುದಿಲ್ಲ. ಹೆಂಡತಿಯ ಪೊರಕೆಯಿಂದ ದಪ್ಪನೆಯ ಗರಿಕಡ್ಡಿ ಎಳೆದುಕೊಂಡೆ. ಕೊಬ್ಬರಿ ಚೀಲದ ಬಾಯಿ ಬಿಚ್ಚಿ ದಾರ ಕೂಡಿಸಿದೆ. ಅಂಟಿಗೆ ರಾತ್ರಿಯ ಮುದ್ದೆ.

ಪಟ ಎರಡು ಆಳು ಎತ್ತರ ಏರಿ, ಎಡಕ್ಕೆ ವಾಲಿ, ಸುತ್ತಿ ಸುತ್ತಿ ತಿಪ್ಪೆಗೆ ಬಿತ್ತು. ಮೂರು ಸಲವೂ ಅದೇ ತಿಪ್ಪೆ. ಗರಿಕಡ್ಡಿ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಗಾಳಿಗೆ ಒಂದೇ ಕಡೆ ಬಗ್ಗುತ್ತಿತ್ತು.

ಅಂಗಳದ ಮಂಚದಿಂದ ನೋಡುತ್ತಿದ್ದ ಅಪ್ಪ, “ಪಾಪ, ಇದಕ್ಕೂ ಲಕ್ವ ಹೊಡದೈತೆ” ಅಂದ.

ಹೆಂಡತಿ ಬೋಳು ಪೊರಕೆ ಹಿಡಿದು ಬಂದಳು. “ಅವರು ಹೋಗೋ ಹೊತ್ಗೆ ಮನೆ ಗುಡಿಸೋಕೆ ಏನಾದ್ರೂ ಉಳಿಸ್ರಿ” ಅಂದಳು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಅಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಬಿದಿರು

ಬಿದಿರೇ ಬೇಕು ಅಂತಾಯಿತು. ಕಾಯಿ ಕೀಳುವ ಗಳವನ್ನು ಸೀಳಲು ಅಪ್ಪ ಬಿಡಲಿಲ್ಲ. ಟೌನಿನ ಬಿದಿರಿನ ಅಂಗಡಿಗೆ ಹೋದೆ. ಅಂಗಡಿಯಾತ ಅಪ್ಪನ ಹಳೆಯ ಪರಿಚಯದವನು, ಕಾಯಿಲೆಯ ಸುದ್ದಿಯೂ ಗೊತ್ತಿತ್ತು.

“ಒಂದು ಬಿದಿರು ಕೊಡಣ್ಣ. ಅಪ್ಪನಿಗೆ. ಬೇಗ ಆಗ್ಬೇಕು” ಅಂದೆ.

ಆತ ತಲೆಯ ಟವಲು ತೆಗೆದ. “ನೀನ್ಯಾಕಪ್ಪ ಬಂದೆ? ಇಂಥದಕ್ಕೆ ಮಗನ್ನ ಕಳಿಸ್ತಾರಾ?”

“ಬೇರೆಯವರು ತಂದ್ರೆ ಅಪ್ಪ ಒಪ್ಪಲ್ಲ ಕಣಣ್ಣ.”

ಆತ ನನ್ನನ್ನೇ ನೋಡಿದ. “ಒಂದೇ ಸಾಕಾ?”

“ಸಾಕು, ಸೀಳ್ಕೋತೀವಿ. ಹಗುರ ಇರೋದು ನೋಡಿ ಕೊಡು.”

“ಅಷ್ಟು ಸಣ್ಣಗಾಗಿದ್ನಾ” ಅಂತ ಕಣ್ಣೊರೆಸಿಕೊಂಡು ಒಳ್ಳೆಯದನ್ನೇ ಆರಿಸಿಕೊಟ್ಟ. ದುಡ್ಡು ಕೊಡಲು ಹೋದರೆ ಮುಟ್ಟಲೇ ಇಲ್ಲ. ಅಪ್ಪನ ಮೇಲೆ ಎಷ್ಟು ಗೌರವ ಅಂದುಕೊಂಡು ಜೇಬಿಗೆ ಹಾಕಿಕೊಂಡೆ. ನಾನೂ ಅವನ ಮಗನೇ ತಾನೆ.

ಸಂಜೆ ನನ್ನ ಅಂಗಡಿ ಮುಚ್ಚಿ ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಹತ್ತಾರು ಜನ. ಬಿದಿರಿನವನು ಸೇವಂತಿಗೆ ಹಾರ ಹಿಡಿದು, ಕಂಬದಂತೆ ನಿಂತಿದ್ದ. ಅಪ್ಪ ಮಂಚದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ.

“ತಂದಿದೀಯಲ್ಲ, ಹಾಕು ಮಾರಾಯ” ಅಂದ ಅಪ್ಪ. “ಆಮೇಲೆ ಹಾಕಿದ್ರೆ ನಂಗೆ ವಾಸನೆ ಗೊತ್ತಾಗಕಿಲ್ಲ.”

ಹಾರ ಹಾಕಿಸಿಕೊಂಡು ನನ್ನ ಕಡೆ ತಿರುಗಿದ. “ಬಿಟ್ಟಿ ಕೊಟ್ನಂತಲ್ಲ. ಮೂರು ತಂದಿದ್ರೆ ಆಗಿರದು. ಒಂದು ಪಟಕ್ಕೆ, ಎರಡು ಚಟ್ಟಕ್ಕೆ.”

ಇನ್ನೆರಡು ಬಿದಿರು

ಆಷಾಢದ ಕೊನೆಯ ದಿನ ಪಟ ಹಾರಿತು. ತೆಂಗಿನ ಮರಗಳನ್ನು ದಾಟಿ ನಿಂತಿತು. ದಾರವನ್ನು ಅಪ್ಪನ ಬಲಗೈಗೆ ಕೊಟ್ಟೆ. ಕಾಫಿ ಆರುವಷ್ಟು ಹೊತ್ತು ಹಿಡಿದಿದ್ದು, “ಸಾಕು, ತಗಳ್ಳಾ. ಕೈ ಸೋತೋಯ್ತು” ಅಂದ.

ನಾಲ್ಕನೇ ದಿನ ಬೆಳಗ್ಗೆ ಹೋಗಿಬಿಟ್ಟ. ನೆಂಟರು ಇನ್ನೂ ದಾರಿಯಲ್ಲಿದ್ದರು. ಬಿದಿರಿಗೆ ನಾನೇ ಹೋದೆ.

ನನ್ನನ್ನು ಕಂಡದ್ದೇ ಅಂಗಡಿಯಾತ ದೂರದಿಂದಲೇ ನಗತೊಡಗಿದ. “ಬಾರಪ್ಪ ಬಾ. ಈ ಸಲ ಮೋಸ ಹೋಗಕಿಲ್ಲ. ಪಟಕ್ಕಾದ್ರೆ ದುಡ್ಡು ಮಡಗು.”

ಬಾಯಿಬಿಟ್ಟರೆ ಅಲ್ಲೇ ಅತ್ತುಬಿಡುತ್ತೇನೆ ಅನ್ನಿಸಿತು. ಎರಡು ಬೆರಳು ತೋರಿಸಿದೆ.

“ಎರಡು ಪಟಾನಾ? ಹಗುರ ಇರೋದೇ ತಗೊ, ಚೆನ್ನಾಗಿ ಹಾರ್ತದೆ” ಅಂತ ಆರಿಸಿಕೊಟ್ಟ. ದುಡ್ಡು ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ.

ಅಪ್ಪನೂ ಹಗುರವಾಗೇ ಇದ್ದ. ಆ ಬಿದಿರು ಸಾಕಾಯಿತು.

ಹನ್ನೊಂದನೇ ದಿನ ಆತ ತಿಥಿಗೆ ಬಂದ. ಊಟಕ್ಕೆ ಕೂರಲಿಲ್ಲ. ಅದೇ ದುಡ್ಡನ್ನು ಮುಷ್ಟಿಯಲ್ಲಿ ಹಿಡಿದು, ತಲೆ ತಗ್ಗಿಸಿ, ನನ್ನ ಮುಂದೆ ಚಾಚಿದ. ಬೇಡ ಅನ್ನಬೇಕಿತ್ತು. ಗೋಡೆಯ ಮೇಲಿನ ಫೋಟೋ ನೋಡಿದೆ, ಅಪ್ಪನ ಕೊರಳಲ್ಲಿ ಸೇವಂತಿಗೆ ಹಾರವಿತ್ತು. ಮೂರನ್ನೂ ಬಿಟ್ಟಿ ತರಬೇಕಿತ್ತು ಅಂದಿದ್ದವನು. ಇಸ್ಕೊಂಡೆ.