ಗೇಟ್ ಪಾಸು ಮೆದ್ದ ಕುಮಾರಿ ರಾಮಕಲಿಯವರಿಗೆ

ಮಾನ್ಯ ಹೇಸರಗತ್ತೆ ಕುಮಾರಿ ರಾಮಕಲಿಯವರೇ,

ತಮ್ಮ ನಾಲ್ಕೂ ಗೊರಸುಗಳಿಗೆ ಬೇರೆಬೇರೆಯಾಗಿ ನಮಸ್ಕಾರಗಳು. ಹಿಂದಿನ ಎರಡಕ್ಕೆ ಸ್ವಲ್ಪ ದೂರದಿಂದ. ಬಾಂಜ್‌ಧಾರ್ ದಂಡಿನ ಬೆಟ್ಟ ಇಳಿದು ತಾವು ಬಯಲಿನ ನಿವೃತ್ತ ಪ್ರಾಣಿಗಳ ಲಾಯಕ್ಕೆ ಸುಖವಾಗಿ ತಲುಪಿದ್ದೀರೆಂದೂ, ಅಲ್ಲಿಯ ಹುಲ್ಲು ತಮ್ಮ ಘನತೆಗೆ ತಕ್ಕಂತಿದೆಯೆಂದೂ, ಲಾರಿಯಿಂದ ಇಳಿದ ದಿನವೇ ಯಾರನ್ನೂ ಒದ್ದಿಲ್ಲವೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ತಾವು ತಿಂದುಹಾಕಿರುವ ಸರ್ಕಾರಿ ಸ್ವತ್ತೊಂದರ ಬಗ್ಗೆ ವಿನಯಪೂರ್ವಕ ದೂರು ಸಲ್ಲಿಸುವುದು ಇದರ ಉದ್ದೇಶ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ಲಕೋಟೆಯಲ್ಲಿಟ್ಟು ಕಳಿಸಿದರೆ ಇದನ್ನೂ ತಿನ್ನುವಿರೆಂಬ ಭಯ.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಎರಡನೇ ಗೇಟಿನಲ್ಲಿ ತಾವು ಯಾರ ದುಪಟ್ಟಾದ ತುದಿಯನ್ನು ರುಚಿ ನೋಡಿ ಉಗಿದಿರೋ ಆ ಹುಡುಗಿ ನಾನು. ನನ್ನ ಕಾಕಾ, ನಿವೃತ್ತ ಹವಾಲ್ದಾರ್ ಖುಶಾಲ್ ಸಿಂಗ್ ಗುಸಾಈ, ತಮಗೆ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ತಮ್ಮ ಹಗ್ಗ ಹಿಡಿದು, ಹಿಮದ ನಡುವಿನ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಸಾಗಿಸಿದವರು. ಒಮ್ಮೆ ತಾವು ನಡುದಾರಿಯಲ್ಲಿ ಕಾಲೂರಿ ನಿಂತಾಗ, ತಮ್ಮ ತಂದೆ ಕತ್ತೆಯೆಂಬುದನ್ನು ಬಾಯ್ತುಂಬ ನೆನಪಿಸಿ ಬೈದವರೂ ಅವರೇ. ಬೈಗುಳ ಮುಗಿಯುವ ಮೊದಲೇ ಮುಂದಿನ ದಾರಿ ಕಣಿವೆಗೆ ಕುಸಿದದ್ದನ್ನು ಕಂಡು ತಮ್ಮ ಕುತ್ತಿಗೆ ತಬ್ಬಿ ಅತ್ತವರೂ ಅವರೇ. ನಮ್ಮ ಮನೆಯಲ್ಲಿ ಅವರ ಹೆಂಡತಿ, ನನ್ನ ಕಾಕಿಯ ಪಟ ಒಂದೂ ಇಲ್ಲ, ತಮ್ಮದು ಎರಡಿವೆ. ಈ ವಿಚಾರದಲ್ಲಿ ಕಾಕಿಯ ದೂರು ಬೇರೆ ಇದೆ, ಅದನ್ನು ಅವರೇ ಬರೆಯುತ್ತಾರಂತೆ.

ಹೀಗಿರಲು, ಕ್ಯಾಂಟೀನಿನಲ್ಲಿ ಸಾಬೂನು ಕೊಳ್ಳಲು ನಿಂತಿದ್ದಾಗ ಯಾರೋ "ಸೋಮವಾರ ಮುದಿ ಪ್ರಾಣಿಗಳ್ನೆಲ್ಲ ಲಾರೀಲಿ ಕೆಳಗೆ ಕಳಿಸ್ತಾರಂತೆ, ರಾಮಕಲೀನೂ ಹೊರಟ್ಳು" ಎಂದದ್ದು ಕಾಕಾ ಕಿವಿಗೆ ಬಿತ್ತು. ಸಾಬೂನು ಅಲ್ಲೇ ಬಿಟ್ಟು ಮನೆಗೆ ಬಂದವರು "ಹೇಳದೆ ಕೇಳದೆ ಹೋಗೋದು ಅಂದ್ರೇನು? ಒಂದ್ಸಲ ಮುಖ ನೋಡ್ಬೇಕು ಕಣೇ" ಎಂದರು. ಅವರಿಗೆ ಬೇಕಿದ್ದದ್ದು ಇಷ್ಟೇ. ಆದರೆ ದಂಡು ಎಂಬುದು 'ಇಷ್ಟೇ' ಎಂಬ ಮಾತು ಕೇಳುವ ಜಾಗವಲ್ಲ.

ನಮ್ಮಂಥವರ ಸೌಲಭ್ಯಗಳ ಬಗ್ಗೆ ತಮಗೆ ತಿಳಿದಿರಲಾರದು, ಏಕೆಂದರೆ ತಾವು ಎಂದೂ ಗುರುತುಚೀಟಿ ತೋರಿಸಿದವರಲ್ಲ. ಮಾಜಿ ಸೈನಿಕರ ಕಾರ್ಡಿಗೆ ಕ್ಯಾಂಟೀನು ಮತ್ತು ಆಸ್ಪತ್ರೆಯವರೆಗೆ ದಾರಿ ಬಿಡುತ್ತಾರೆ. ಅಂದರೆ ಯೋಧನಿಗೆ ಕೆಮ್ಮು ಬರಬಹುದು, ಟೂತ್‌ಪೇಸ್ಟು ಮುಗಿಯಬಹುದು. ಹಳೆಯ ಗೆಳತಿಯ ನೆನಪು ಮಾತ್ರ ಬರಕೂಡದು. ಎರಡನೇ ಗೇಟು ದಾಟಿ ತಮ್ಮ ಲಾಯಕ್ಕೆ ಹೋಗಬೇಕಾದರೆ ಒಳಗಿನವರೊಬ್ಬರು ಆತಿಥೇಯರಾಗಿ, ಸ್ವತಃ ಗೇಟಿಗೆ ಬಂದು, ಅತಿಥಿಯನ್ನು ಬರಮಾಡಿಕೊಳ್ಳಬೇಕು. ಕಾಕಾ ಕಾಲದ ಪಲ್ಟನ್ ಎಂದೋ ಬೇರೆಡೆಗೆ ಹೋಗಿದೆ. ಒಳಗೆ ಅವರಿಗೆ ಪರಿಚಯ ಇದ್ದವರು ತಾವೊಬ್ಬರೇ.

ಆದ್ದರಿಂದ ಶನಿವಾರ ಸಂದರ್ಶಕರ ಚೀಟಿಯನ್ನು ನಾನೇ ತುಂಬಿದೆ. ಭೇಟಿಯಾಗಬೇಕಾದವರು: ರಾಮಕಲಿ. ವಿಭಾಗ: ಸಾಗಣೆ. ಸಂಬಂಧ: ಹಳೆಯ ಸಹೋದ್ಯೋಗಿ. ಗೊರಸಿನ ಮೇಲಿದ್ದ ತಮ್ಮ ನಂಬರನ್ನು ಕಾಕಾ ಬಾಯಿಪಾಠ ಹೇಳಿದರು. ಸ್ವಂತ ಪಿಂಚಣಿ ಖಾತೆಯ ನಂಬರು ಅವರಿಗೆ ಇಂದಿಗೂ ಬರುವುದಿಲ್ಲ. ಇಲ್ಲಿ ನಾನು ಬರೆದ ಒಂದಕ್ಷರವೂ ಸುಳ್ಳಲ್ಲ, ಕಾಲುಗಳ ಸಂಖ್ಯೆಯನ್ನು ಯಾರೂ ಕೇಳಿರಲಿಲ್ಲ.

ಗೇಟಿನ ನಾಯಕ್ ಸುರ್ಜನ್ ಮಹತೋ ಒಳಗೆ ಫೋನು ಮಾಡಿದರು. "ರಾಮಕಲಿ ಇದಾರಾ? ಊಟ ಮಾಡ್ತಿದಾರಾ? ಸರಿ, ಮುಗಿಸ್ಕೊಂಡು ಎರಡನೇ ಗೇಟಿಗೆ ಬರೋಕೆ ಹೇಳಿ." ಆ ಕಡೆಯವರು ಏನೋ ಅಂದರು. ಮಹತೋ ಫೋನಿಟ್ಟು, "ಹೇಳಿದ್ರೆ ಬರಲ್ವಂತೆ, ಎಳ್ಕೊಂಡೇ ಬರ್ಬೇಕಂತೆ. ಭಾರಿ ದೊಡ್ಡೋರಿರ್ಬೇಕು" ಎಂದು ಟೋಪಿ ಸರಿಮಾಡಿಕೊಂಡರು. ನಾನು ಗೌರವದಿಂದ ತಲೆಯಾಡಿಸಿದೆ. ಅಷ್ಟರಲ್ಲಿ ಅವರು ನನ್ನ ಮೊಬೈಲನ್ನೂ, ತಿನ್ನುವ ಪದಾರ್ಥ ಒಳಗೆ ಒಯ್ಯುವಂತಿಲ್ಲವೆಂದು ಕಾಕಾ ಕೋಟಿನ ಎಡಜೇಬಿನಲ್ಲಿದ್ದ ಬೆಲ್ಲದ ಉಂಡೆಯನ್ನೂ ತೆಗೆದಿಟ್ಟುಕೊಂಡು, ಬದಲಿಗೆ ಇಬ್ಬರಿಗೂ ಸೇರಿ ಕಾಕಾ ಹೆಸರಿನಲ್ಲಿ ಒಂದು ಹಳದಿ ಪಾಸು ಕೊಟ್ಟರು. ಕಾಕಾ ಅದನ್ನು ಮಡಚಿ ಅದೇ ಜೇಬಿಗೆ ಸೇರಿಸಿದರು. ಮುಂದಿನ ಅನಾಹುತವೆಲ್ಲ ಹುಟ್ಟಿದ್ದು ಇಲ್ಲೇ.

ಆಮೇಲೆ ತಿರುವಿನಲ್ಲಿ ತಮ್ಮ ಕಿವಿಗಳು ಕಂಡವು, ಅವುಗಳ ಹಿಂದೆ ನಿಧಾನವಾಗಿ ತಾವು. ಮಹತೋ ತಮ್ಮನ್ನು ನೋಡಿದರು, ಚೀಟಿ ನೋಡಿದರು, ಮತ್ತೆ ತಮ್ಮನ್ನು ನೋಡಿದರು. "ಏನಮ್ಮಾ ಇದು, ತಮಾಷೆನಾ?" ಎಂದರು. ಕಾಕಾ ಅಟೆನ್ಷನ್ ನಿಂತು, "ಸಾಬ್, ಒಳಗೆ ನಂಗೆ ಗೊತ್ತಿರೋದು ಇವಳೊಬ್ಳೇ" ಎಂದರು. ಮಹತೋ ಬಗ್ಗಿ, ಮಾಸಿದ ಗೊರಸನ್ನು ಒರೆಸಿ, ನಂಬರು ತಾಳೆ ನೋಡಿದರು. "ಆತಿಥೇಯರು ಖುದ್ದು ಬಂದಿದಾರೆ, ನಂಬರ್ ಸರಿ ಇದೆ. ಎರಡೇ ಕಾಲಿರ್ಬೇಕು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ" ಎಂದು ಅಡ್ಡಗಂಬ ಎತ್ತಿದರು. ಸೇನೆಯ ನಿಯಮಗಳನ್ನು ನಾನು ಮನಸಾರೆ ಗೌರವಿಸಿದ್ದು ಅದೊಂದೇ ಸಲ.

ತಮ್ಮ ಅಂದಿನ ವರ್ತನೆಯ ಬಗ್ಗೆ ನನ್ನ ಆಕ್ಷೇಪಣೆ ಇಲ್ಲಿಂದ ಶುರುವಾಗುತ್ತದೆ. ಕಾಕಾ ನಾಲಿಗೆ ಲೊಚಗುಟ್ಟಿ ಕರೆದರು. ತಾವು ಕಿವಿಯನ್ನೂ ಆಡಿಸದೆ ನನ್ನ ದುಪಟ್ಟಾಕ್ಕೆ ಬಾಯಿ ಹಾಕಿದಿರಿ. "ವಯಸ್ಸಾಯ್ತು, ಮರ್ತಿದಾಳೆ ಬಿಡು" ಎಂದು ಅವರು ಮುಖ ತಿರುಗಿಸಿ ಮೂಗೊರೆಸಿಕೊಂಡರು. ಆಗ ತಾವು, ಯಾವ ಅವಸರವೂ ಇಲ್ಲದೆ, ಅವರ ಹಿಂದಿನಿಂದ ಬಂದು, ಎರಡೂ ಜೇಬುಗಳಲ್ಲಿ ಸರಿಯಾಗಿ ಎಡಜೇಬನ್ನೇ ಹುಡುಕಿ ಮೂತಿ ತೂರಿಸಿದಿರಿ. ಬೆಲ್ಲ ಇರುತ್ತಿದ್ದ ಜೇಬು. ಬೆಲ್ಲ ಗೇಟಿನ ಮೇಜಿನ ಮೇಲಿತ್ತು. ಜೇಬಿನಲ್ಲಿದ್ದದ್ದು ಪಾಸು ಮಾತ್ರ. ಅದನ್ನು ಮೊಹರಿನ ಸಮೇತ ಅಗಿದು ನುಂಗಿ, ಕಾಕಾ ಭುಜದ ಮೇಲೆ ಗದ್ದವಿಟ್ಟು ನಿಂತಿರಿ. ಕಾಕಾ "ತಿನ್ನು ಮಹಾರಾಣಿ, ತಿನ್ನು" ಎನ್ನುತ್ತ ತಮ್ಮ ಹಣೆ ಕೆರೆದರು. ಸರ್ಕಾರಿ ದಾಖಲೆಯ ನಾಶಕ್ಕೆ ಇಷ್ಟು ಬಹಿರಂಗವಾದ ಪ್ರಚೋದನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದರ ಪರಿಣಾಮವನ್ನು ಹೇಳುತ್ತೇನೆ. ಪಾಸು ಹಿಂದಿರುಗಿಸುವ ತನಕ ಸಂದರ್ಶಕ ಹೊರಹೋದಂತೆ ದಾಖಲಾಗುವುದಿಲ್ಲ. ಮಹತೋ ತುಂಬಾ ಸಂಕಟಪಟ್ಟರು. "ಕಾಕಾ, ನೀವು ಮನೆಗೆ ಹೋಗ್ಬಹುದು, ಆದ್ರೆ ಲೆಕ್ಕದಲ್ಲಿ ಒಳಗೇ ಇರ್ತೀರಿ" ಎಂದು ಬೆಲ್ಲ ವಾಪಸು ಕೊಟ್ಟರು. ಅಂದಿನಿಂದ ನನ್ನ ಕಾಕಾ, ಕಾಗದದ ಪ್ರಕಾರ, ತಮ್ಮ ಲಾಯದಲ್ಲೇ ವಾಸವಾಗಿದ್ದಾರೆ.

ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಸದರಿ ಪಾಸನ್ನು ಮೊಹರು ಓದಲು ಬರುವ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಅದು ಈಗಾಗಲೇ ಬೇರೆ ರೂಪದಲ್ಲಿ ಹೊರಬಿದ್ದಿದ್ದರೆ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ತಿಂದದ್ದು ನಿಜವೆಂದು ಗೊರಸೊತ್ತಿದ ಪ್ರಮಾಣಪತ್ರ ಸಾಕು. ಜೊತೆಗೆ, ನಮ್ಮೂರಿನ ಮಾಜಿ ಸೈನಿಕರೆಲ್ಲರನ್ನೂ ಹೇಸರಗತ್ತೆಗಳ ದರ್ಜೆಗೆ ಏರಿಸುವಂತೆ ತಾವು ಮೇಲಿನವರಿಗೆ ಶಿಫಾರಸು ಮಾಡಬೇಕು. ಕಾರ್ಡಿಲ್ಲದೆ ಗೇಟು ದಾಟುವುದು, ಎಳೆದರೂ ಬರದಿರುವುದು, ಇಷ್ಟವಾಗದ ಕಾಗದವನ್ನು ಅಲ್ಲೇ ಅಗಿದುಬಿಡುವುದು: ದೇಶಸೇವೆ ಮಾಡಿದವರಿಗೆ ಇಷ್ಟಾದರೂ ಬೇಡವೇ.

ತಮ್ಮ ವಿಶ್ವಾಸಿ, ತಮ್ಮ ಹಿಂಗಾಲುಗಳಿಂದ ಸದಾ ದೂರದಲ್ಲಿರುವ,
ಬಿನೀತಾ ಗುಸಾಈ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಮಹತೋ ಮನೆಗೇ ಬಂದರು. ತಿಂಗಳ ಲೆಕ್ಕ ಮುಗಿಸಲೇಬೇಕಿತ್ತಂತೆ. ಪಾಸು ಎಲ್ಲಿ ಹೋಯಿತೋ ಸಂದರ್ಶಕನೂ ಅಲ್ಲಿಗೇ ಹೋಗಿರಬೇಕೆಂದು ತರ್ಕಿಸಿ, "ಹವಾಲ್ದಾರ್ ಗುಸಾಈ, ಸೋಮವಾರ, ರಾಮಕಲಿಯ ಜೊತೆ ಲಾರಿಯಲ್ಲಿ ನಿರ್ಗಮನ" ಎಂದು ಬರೆದು ಬಂದಿದ್ದಾರೆ. ಕಾಕಾ ಅದನ್ನು ಅವರಿಂದ ಎರಡು ಸಲ ಹೇಳಿಸಿಕೊಂಡು, "ಹಾಗಾದ್ರೆ ಅವಳು ಒಬ್ಳೇ ಹೋಗ್ಲಿಲ್ಲ ಅನ್ನು" ಎಂದು ರೊಟ್ಟಿ ಮುರಿಯಲು ಕೈಹಾಕಿದರು. ಕಾಕಿ ತಟ್ಟೆ ಎಳೆದುಕೊಂಡು, "ಅವಳ ಜೊತೆ ಹೋದೋರಿಗೆ ಇಲ್ಲಿ ಊಟ ಇಲ್ಲ" ಎಂದಿದ್ದಾರೆ. ಆದ್ದರಿಂದ ಇಂದಿನಿಂದ ಅವರ ಊಟದ ಹೊಣೆ ಆತಿಥೇಯರಾದ ತಮ್ಮದೇ. ಹುರುಳಿ ಆದೀತು, ಬೆಲ್ಲ ಅವರ ಎಡಜೇಬಿನಲ್ಲೇ ಇದೆ.